ಕೊಡಂಬಲದ ಸೊನ್ನೆ

ಹಳ್ಳಿಯಿಂದ ನಾವು ಕಳಿಸುವ ಸುದ್ದಿ ನಿಮ್ಮ ಮೊಬೈಲಿಗೆ ಬರುವ ಮೊದಲು ಒಂದು ಬಾಗಿಲು ದಾಟಬೇಕು. ಸುದ್ದಿತಾಣದ ಟೆಂಪ್ಲೇಟ್ ಒಳಗೆ ಒಂದು ಷರತ್ತು ಇರುತ್ತದೆ: ತಲೆಬರಹದಲ್ಲಿ ‘ಕೊಡಂಬಲ’ ಇದ್ದರೆ ಆ ಊರಿನ ಪುಟದಲ್ಲಿ ತೋರಿಸು, ಇಲ್ಲದಿದ್ದರೆ ಬಿಡು. ಲಿಕ್ವಿಡ್ ಟೆಂಪ್ಲೇಟಿನಲ್ಲಿ ಇದಕ್ಕೆ ‘ಕಂಟೇನ್ಸ್’ ಅಂತ ಬರೆಯುತ್ತಾರೆ, ಜಾಂಗೋದಲ್ಲಿ ‘ಇನ್’. ಯಂತ್ರಕ್ಕೆ ಊರು ಗೊತ್ತಿಲ್ಲ, ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದಷ್ಟೇ ಗೊತ್ತು.

ಕಳೆದ ಬೇಸಿಗೆಯಲ್ಲಿ ಕೊಡಂಬಲದ ಹಿರಿಯರೊಬ್ಬರು ಫೋನ್ ಮಾಡಿದರು. “ನೀರಿನ ಟ್ಯಾಂಕರ್ ಸುದ್ದಿ ಹಾಕೀವಿ ಅಂದ್ರಿ, ನಮ್ಮೂರ ಪುಟದಾಗ ಇಲ್ಲಲ್ರೀ?” ಸುದ್ದಿ ಹಾಕಿದ್ದು ಖರೆ. ಜಿಲ್ಲೆಯ ಪಟ್ಟಿಯಲ್ಲಿ ಇತ್ತು, ಊರಿನ ಪುಟದಲ್ಲಿ ಇರಲಿಲ್ಲ. ಟ್ಯಾಂಕರ್ ಬರುವ ಹೊತ್ತು ಓಣಿಯವರಿಗೆ ಗೊತ್ತಾಗಲೇ ಇಲ್ಲ.

ತಲೆಬರಹ ಕಣ್ಣಿಗೆ ಸರಿಯಾಗಿಯೇ ಇತ್ತು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಗುವಾಗ ಅನುಸ್ವಾರ ‘ಂ’ ಹೋಗಿ ಕನ್ನಡ ಅಂಕಿಯ ಸೊನ್ನೆ ‘೦’ ಕೂತಿತ್ತು. ನಮಗೆ ಎರಡೂ ಒಂದೇ. ಯಂತ್ರದ ಲೆಕ್ಕದಲ್ಲಿ ಮೊದಲನೆಯದು 3202, ಎರಡನೆಯದು 3302. ತಾಳೆಯಾಗಲಿಲ್ಲ, ಬಾಗಿಲು ಮುಚ್ಚಿತು.

ಇಂಥವು ಇನ್ನೂ ಇವೆ. ಷರತ್ತಿನಲ್ಲಿ ‘ಬೀದರ್’ ಎಂದು ಬರೆದರೆ ‘ಬೀದರ ಜಿಲ್ಲೆ’, ‘ಬೀದರಿನಲ್ಲಿ’ ಎರಡೂ ಹೊರಗೆ ಉಳಿಯುತ್ತವೆ. ‘ಬೀದರ’ ಎಂದರೆ ಮೂರೂ ಸಿಗುತ್ತವೆ. ಯಾಕೆಂದರೆ ಯಂತ್ರಕ್ಕೆ ‘ರ್’ ಅಂದರೆ ‘ರ’, ಅದರ ಬೆನ್ನಿಗೆ ಒಂದು ಹಲಂತ ಚಿಹ್ನೆ. ಗುಲ್ಬರ್ಗ 2014ರ ನವೆಂಬರ್ 1ರಿಂದ ಕಲಬುರಗಿ ಆಯಿತು. ಹಳೆಯ ಸುದ್ದಿಯೂ ಬೇಕಾದರೆ ನಡುವೆ ‘ಅಥವಾ’ ಇಟ್ಟು ಎರಡೂ ಹೆಸರು ಬರೆಯಬೇಕು.

ಕೆಲವೊಮ್ಮೆ ಬಾಗಿಲು ಅತಿಯಾಗಿ ತೆರೆದುಕೊಳ್ಳುತ್ತದೆ. ಬಸವಕಲ್ಯಾಣಕ್ಕೆ ನಮ್ಮ ಕಡೆ ಬರೇ ಕಲ್ಯಾಣ ಅನ್ನುತ್ತಾರೆ. ಹಾಗೆಂದು ‘ಕಲ್ಯಾಣ’ ಎಂದಷ್ಟೇ ಷರತ್ತು ಇಟ್ಟರೆ ಕಲ್ಯಾಣ ಮಂಟಪ, ಸಮಾಜ ಕಲ್ಯಾಣ ಇಲಾಖೆ, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಇಟ್ಟ ಹೊಸ ಹೆಸರು ಕಲ್ಯಾಣ ಕರ್ನಾಟಕ, ಎಲ್ಲವೂ ಒಂದೇ ಪುಟಕ್ಕೆ ನುಗ್ಗುತ್ತವೆ.

ಸೊನ್ನೆಯ ತೊಡಕಿಗೆ ಮದ್ದು ಸರಳ. ತಾಳೆ ನೋಡುವ ಮೊದಲು ತಲೆಬರಹದ ಒಂದು ನಕಲಿನಲ್ಲಿ ‘೦’ ತೆಗೆದು ‘ಂ’ ಹಾಕಬೇಕು. ಮೂಲವನ್ನು ಮುಟ್ಟಬಾರದು, ಮುಟ್ಟಿದರೆ ‘೧೦’ ಎಂಬ ಅಂಕಿಯೂ ಕೆಡುತ್ತದೆ.

ಆದರೆ ನಾವು ಕೇಳುತ್ತಿರುವುದು ಬೇರೆ: ಊರಿನ ಹೆಸರಿಗೆ ಪ್ರತ್ಯೇಕ ಖಾನೆ ಕೊಡಿ, ಸುದ್ದಿ ಕಳಿಸುವಾಗಲೇ ಪಟ್ಟಿಯಿಂದ ಆರಿಸುತ್ತೇವೆ. ತಲೆಬರಹ ನೋಡಿ ಊರು ಊಹಿಸುವ ಕೆಲಸ ಯಂತ್ರಕ್ಕೆ ಬೇಡ. ಅಲ್ಲಿಯವರೆಗೆ ನಿಮ್ಮೂರ ಪುಟ ಖಾಲಿ ಕಂಡರೆ ಸುದ್ದಿ ಇಲ್ಲ ಅಂದುಕೊಳ್ಳಬೇಡಿ. ಜಿಲ್ಲೆಯ ಪಟ್ಟಿ ನೋಡಿ, ಅಲ್ಲೂ ಸಿಗದಿದ್ದರೆ ನಮಗೆ ಫೋನ್ ಮಾಡಿ.