ಎರಡು ಕಾಗದ

ತುಂಬಾ ದಿನವಾಯ್ತು ಇಲ್ಲಿ ಏನೂ ಬರೆಯದೆ. ಬರೆಯೋಣ ಅಂತ ಕೂತರೆ ಆಫೀಸಿನ ಫೋನು, ಇಲ್ಲಾ ಮಗನ ಹೋಂವರ್ಕು. ಆದರೆ ಕಳೆದ ವಾರ ಬಂದ ಒಂದು ಮೆಸೇಜು ತಲೆಯಿಂದ ಹೋಗ್ತಾನೇ ಇಲ್ಲ. ಬರೆದು ಇಳಿಸಿಬಿಡೋದು ಒಳ್ಳೇದು.

ಬೈಂದೂರಿನ ಒಂದು ಹುಡುಗಿ. ಹದಿನೆಂಟು ವರ್ಷ. ಅವಳ ಅಪ್ಪ ನಮ್ಮ ಅಪ್ಪಯ್ಯನಿಗೆ ಪರಿಚಯವಂತೆ, ನನಗಲ್ಲ. ಬೆಂಗಳೂರಿನಲ್ಲಿ ಕಾಲೇಜು ಸಿಕ್ಕಿದೆ, ನಮ್ಮವರ ಲೇಡೀಸ್ ಹಾಸ್ಟೆಲ್ಲಿಗೆ ಅರ್ಜಿ ಹಾಕ್ತಾ ಇದ್ದಾಳೆ. ಅದಕ್ಕೆ ಸಂಘದ ಇಬ್ಬರು ಆಜೀವ ಸದಸ್ಯರ ಶಿಫಾರಸು ಪತ್ರ ಬೇಕು. ನಾನು 2009ರಲ್ಲಿ ದುಡ್ಡು ಕಟ್ಟಿ ಆಜೀವ ಸದಸ್ಯೆ ಆದವಳು. ಆ ರಶೀದಿ ಎಲ್ಲಿದೆ ಅಂತ ನನಗೇ ನೆನಪಿಲ್ಲ, ಅವಳಿಗೆ ಹೇಗೆ ಗೊತ್ತಾಯ್ತೋ! ಪತ್ರವನ್ನೂ ಅವಳೇ ಟೈಪ್ ಮಾಡಿ ಕಳಿಸಿದ್ದಳು. "ಈಕೆಯನ್ನು ನಾನು ಬಾಲ್ಯದಿಂದ ಬಲ್ಲೆ. ಸುಶೀಲೆ, ವಿನಯವಂತೆ..." ಕೆಳಗೆ ನನ್ನ ಹೆಸರು, ಸಹಿಗೆ ಜಾಗ. "ಸೈನ್ ಮಾಡಿ ಫೋಟೋ ಕಳ್ಸಿದ್ರೆ ಸಾಕು ಆಂಟಿ."

(ಯಾವ ಸಂಘ, ಯಾವ ಜಾತಿ ಅಂತ ಇಲ್ಲಿ ಬರೆಯೋದಿಲ್ಲ. ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರು ನಿಮ್ಮದೇ ಅಂದುಕೊಳ್ಳಿ, ದೊಡ್ಡ ವ್ಯತ್ಯಾಸ ಆಗಲ್ಲ :-) )

ಸಹಿ ಮಾಡಲು ಪೆನ್ನು ತೆಗೆದೆ. ಆಮೇಲೆ ಕೈ ಹೋಗಲಿಲ್ಲ.

1998ರ ಜುಲೈ. ಕುಂದಾಪುರದಲ್ಲಿ ಪಿಯುಸಿ ಮುಗಿಸಿ, ಸಿಇಟಿ ಬರೆದು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ನಮ್ಮ ಮನೆ ನಾವುಂದದ ಹತ್ತಿರ. ತೆಂಗು, ಎರಡು ಮುಡಿ ಗದ್ದೆ, ಅಪ್ಪಯ್ಯನ ಮೇಷ್ಟ್ರು ಕೆಲಸ. ಬಾಡಿಗೆ ರೂಮು ಮಾಡಿ ಹೆಣ್ಣುಮಗಳನ್ನು ಬಿಡುವ ಧೈರ್ಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಹಾಸ್ಟೆಲ್ ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಕುಂದಾಪುರದಲ್ಲೇ ಬಿಎಸ್ಸಿ. ಅಮ್ಮ ಆಗಲೇ ಬಿಎಸ್ಸಿ ಪಕ್ಷದಲ್ಲಿದ್ದಳು.

ಅರ್ಜಿಯ ಕೊನೇ ಪುಟದಲ್ಲಿ ಇದೇ ಸಾಲು. ಇಬ್ಬರು ಆಜೀವ ಸದಸ್ಯರು.

ನಮಗೆ ಗೊತ್ತಿದ್ದ ಆಜೀವ ಸದಸ್ಯರು ಬೈಂದೂರಿನಲ್ಲಿ ಒಬ್ಬರು, ಕುಂದಾಪುರದಲ್ಲಿ ಒಬ್ಬರು. ಆಗಿನ್ನೂ ಬೈಂದೂರು ಕುಂದಾಪುರ ತಾಲೂಕಿನಲ್ಲೇ ಇತ್ತು, ಬೇರೆ ತಾಲೂಕು ಆಗಿದ್ದು 2018ರಲ್ಲಿ. ಬೆಳಿಗ್ಗೆ ಏಳಕ್ಕೆ ಅಪ್ಪಯ್ಯ, ನಾನು, ಒಂದು ಕೊಡೆ, ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು ಹೊರಟೆವು. ಮೊದಲು ಬೈಂದೂರಿಗೆ.

ಬೈಂದೂರಿನವರು ರಿಟೈರ್ಡ್ ಹೆಡ್ಮಾಸ್ಟರು. ಐದೇ ನಿಮಿಷ. ಹಳೇ ಲೆಟರ್‌ಹೆಡ್ ತೆಗೆದು, ಅದರಲ್ಲಿದ್ದ 'ದ.ಕ.' ಹೊಡೆದು 'ಉಡುಪಿ ಜಿಲ್ಲೆ' ಅಂತ ಬರೆದರು. ಜಿಲ್ಲೆ ಆಗಿ ವರ್ಷವೂ ತುಂಬಿರಲಿಲ್ಲ. "ಈಕೆಯನ್ನು ನಾನು ಬಾಲ್ಯದಿಂದ ಬಲ್ಲೆ." ನನ್ನನ್ನು ಅವರು ನೋಡಿದ್ದೇ ಅವತ್ತು! ಮುಖ ಎತ್ತಿ ನನ್ನ ಹೆಸರು ಕೇಳಿದ್ದು ಬರೆದ ಮೇಲೆ, ಖಾಲಿ ಬಿಟ್ಟ ಜಾಗ ತುಂಬಲಿಕ್ಕೆ.

ಅಪ್ಪಯ್ಯನಿಗೆ ಖುಷಿಯೋ ಖುಷಿ. ಮರವಂತೆಯಲ್ಲಿ ಬಸ್ಸಿನ ಒಂದು ಬದಿಗೆ ಸಮುದ್ರ ರಸ್ತೆಗೇ ಹಾರ್ತಾ ಇತ್ತು, ಇನ್ನೊಂದು ಬದಿಗೆ ಸೌಪರ್ಣಿಕೆ ಕೆಂಪಾಗಿ ಹರೀತಿತ್ತು. ಅಪ್ಪಯ್ಯ ತನ್ನ ವಾರಾನ್ನದ ಕಥೆ ಶುರು ಮಾಡಿದರು. ಅವರು ಉಡುಪಿಯಲ್ಲಿ ಓದುವಾಗ ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆ ಊಟ. ಅಜ್ಜ ಅವರ ಕೈ ಹಿಡ್ಕೊಂಡು ಏಳೂ ಮನೆ ಬಾಗಿಲಲ್ಲಿ ನಿಂತು "ಮಾಣಿ ಒಳ್ಳೆಯವ, ಒಂದ್ ದಿನ ಊಟ ಹಾಕ್ಕ್" ಅಂದಿದ್ದರಂತೆ. "ಆಗ ಕಾಗ್ದ ಇರ್ಲಿಲ್ಲ, ಬಾಯಲ್ಲೇ ಹೇಳುದ್. ಶುಕ್ರವಾರದ ಮನೆ ಮಾತ್ರ ಸಿಕ್ಕಲೇ ಇಲ್ಲ ಕಾಣ್" ಅಂತ ನಕ್ಕರು. ಶುಕ್ರವಾರ ಏನು ತಿಂತಿದ್ದರು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು ಅಂತ ಈಗ ಅನ್ನಿಸ್ತದೆ.

ಕುಂದಾಪುರದವರು ದೊಡ್ಡ ಮನುಷ್ಯರು. ಜಗಲಿಯಲ್ಲಿ ಒಂದೂವರೆ ಗಂಟೆ ಕೂರಿಸಿದರು. ಆಮೇಲೆ ಅಪ್ಪಯ್ಯನ ಹತ್ತಿರ ಸಂಘದ ಕಟ್ಟಡದ ದೇಣಿಗೆ ವಿಷಯ ತೆಗೆದರು. ನಮ್ಮ ಮನೆಯಿಂದ ಕೊಟ್ಟಿರಲಿಲ್ಲವಂತೆ. "ಸಂಘ ಬೇಡ, ಸಂಘದ ಹಾಸ್ಟೆಲ್ ಮಾತ್ರ ಬೇಕಾ?" ಅಂದರು. ತಪ್ಪೇನೂ ಹೇಳಲಿಲ್ಲ ಬಿಡಿ, ಲೆಕ್ಕ ಸರಿಯಾಗೇ ಇತ್ತು. ಆದರೆ ಅಪ್ಪಯ್ಯ, ನಲವತ್ತು ಮಕ್ಕಳನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುತ್ತಿದ್ದ ಅಪ್ಪಯ್ಯ, ಅಲ್ಲಿ ಕೊಡೆಯ ಹಿಡಿಕೆ ತಿರುಗಿಸುತ್ತಾ ನಿಂತಿದ್ದರು. ನಾನು ನೆಲ ನೋಡ್ತಾ ಇದ್ದೆ. ಕಾಗದ ಸಿಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಗೋಳಿಬಜೆ ತಿನ್ನುವಾಗ ಅಪ್ಪಯ್ಯನಿಗೆ ಬ್ರಹ್ಮಾವರದ ಒಬ್ಬರು ಟೀಚರಮ್ಮ ನೆನಪಾದರು. ಅದೇ ಹಾಸ್ಟೆಲ್ಲಿನಲ್ಲಿ ಇದ್ದು ಓದಿದವರು, ಈಗ ಸದಸ್ಯೆ ಅಂಬ್ರ್. ಪರಿಚಯ ಇಲ್ಲ, ವಿಳಾಸವೂ ಇಲ್ಲ. ಬಾರ್ಕೂರು ರಸ್ತೆಯಲ್ಲಿ ಮೂರು ಅಂಗಡಿ ಕೇಳಿ ಹೋಗುವಾಗ ನಾಲ್ಕು ಗಂಟೆ, ಇಬ್ಬರೂ ಚಂಡಿ.

ಟೀಚರಮ್ಮ ಮೊದಲು ಟವೆಲ್ ಕೊಟ್ಟರು. ಆಮೇಲೆ ಕಾಫಿ. ಆಮೇಲೆ ಅಪ್ಪಯ್ಯನನ್ನು ಜಗಲಿಯಲ್ಲಿ ಬಿಟ್ಟು ನನ್ನನ್ನು ಒಳಗೆ ಕರೆದರು. ಏನು ಓದಬೇಕು, ಯಾಕೆ ಓದಬೇಕು, ಮನೆಯಲ್ಲಿ ಅಡುಗೆ ಯಾರದ್ದು, ರಾತ್ರಿ ಹೆದರಿಕೆ ಆಗ್ತದಾ... ಬೆಳಿಗ್ಗೆಯಿಂದ ನನ್ನನ್ನು ಏನಾದರೂ ಕೇಳಿದ ಮೊದಲ ಮನುಷ್ಯರು ಅವರು. ನಾನೂ ಹೇಳಿಬಿಟ್ಟೆ, ಹೆದರಿಕೆ ಆಗ್ತದೆ ಅಂತ. ಅವರು ಬರೆದ ಕಾಗದ ಹೀಗೆ ಶುರುವಾಗ್ತಿತ್ತು: "ಈ ಹುಡುಗಿಯನ್ನು ನಾನು ಇಂದು ಸಂಜೆ ಮೊದಲ ಬಾರಿಗೆ ನೋಡಿದೆ. ಅರ್ಧ ಗಂಟೆ ಮಾತಾಡಿದೆ."

ವಾಪಸ್ ಬರುವಾಗ ಅಪ್ಪಯ್ಯ ಅದನ್ನು ಮೂರು ಸಲ ಓದಿದರು. "ಎಂತದಾ ಇದ್, ಹೀಂಗ್ ಬರದ್ರೆ ಸೀಟ್ ಕೊಡ್ತ್ರಾ?" ಅವತ್ತು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೆಂಗಳೂರಿನಲ್ಲಿ ವಾರ್ಡನ್ ಹೆಡ್ಮಾಸ್ಟರ ಕಾಗದ ನೋಡಲೂ ಇಲ್ಲ, ಫೈಲಿಗೆ ಹಾಕಿದರು. ಟೀಚರಮ್ಮನದನ್ನು ನಿಧಾನಕ್ಕೆ ಓದಿ, "ಹೆದರಿಕೆ ಅಂತೆ? ಹಾಗಾದ್ರೆ ಕೆಳಗಿನ ರೂಮು ಕೊಡ್ತೀನಿ, ಜನ ಓಡಾಡ್ತಿರ್ತಾರೆ" ಅಂದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಗಂಗೊಳ್ಳಿಯವಳು. ಮೀನುಗಾರರ ಮನೆ. ದಿನಾ ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದಳು. ನನಗಿಂತ ಹನ್ನೊಂದು ಮಾರ್ಕು ಹೆಚ್ಚು, ಬೆಂಗಳೂರಿನ ಅದೇ ಕಾಲೇಜಿನಲ್ಲಿ ಸೀಟು. ನನ್ನ ಅರ್ಜಿ ಇಸ್ಕೊಂಡು ಕೊನೇ ಪುಟ ಓದಿದಳು, ಮಡಚಿ ವಾಪಸ್ ಕೊಟ್ಟಳು. ಏನೂ ಹೇಳಲಿಲ್ಲ. ಮೊದಲ ವರ್ಷ ಪೂರ್ತಿ ಯಶವಂತಪುರದಲ್ಲಿ ಯಾರೋ ನೆಂಟರ ಒಂದು ಕೋಣೆ ಮನೆಯಲ್ಲಿ ಆರು ಜನರ ಜೊತೆ ಇದ್ದು, ಎರಡು ಬಸ್ ಬದಲಿಸಿ ಬರುತ್ತಿದ್ದಳು. ಪರೀಕ್ಷೆಯ ಹಿಂದಿನ ರಾತ್ರಿ ಒಮ್ಮೆ "ನಿನ್ ರೂಮಲ್ಲಿ ಓದ್ಲಕ್ಕಾ?" ಅಂತ ಕೇಳಿದಳು. ಹೊರಗಿನವರು ರಾತ್ರಿ ಉಳಿಯಬಾರದು ಅಂತ ರೂಲ್ಸ್ ಇದೆ ಅಂದೆ. ರೂಲ್ಸ್ ಇದ್ದದ್ದು ನಿಜ. ನಾನು ವಾರ್ಡನ್‌ರನ್ನು ಕೇಳಲೇ ಇಲ್ಲ ಅನ್ನೋದೂ ನಿಜ. ಕೆಳಗಿನ ರೂಮು ಕೊಟ್ಟವರು ಅದನ್ನೂ ಕೊಡುತ್ತಿದ್ದರೇನೋ.

ಇಂಥ ಹಾಸ್ಟೆಲ್ಲುಗಳನ್ನು ಬೈಯುವುದು ಸುಲಭ, ನನ್ನಿಂದ ಆಗಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಊರಿನಿಂದ ಓದಲು ಬಂದ ಹುಡುಗರಿಗೆ ಪೇಟೆಯಲ್ಲಿ ಅನ್ನ, ಸೂರು ಇಲ್ಲದಾಗ ಒಂದೊಂದು ಜನಾಂಗದವರೂ ದುಡ್ಡು ಕೂಡಿಸಿ ಕಟ್ಟಿದವು ಅವು. 1906ರಲ್ಲಿ ಶುರುವಾದ ಒಕ್ಕಲಿಗರ ಸಂಘದಂಥವು ಹಾಸ್ಟೆಲ್ ಕಟ್ಟದಿದ್ದರೆ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟುತ್ತಲೇ ಇರಲಿಲ್ಲ. ನಮ್ಮ ಮನೆಯ ಮೊದಲ ಇಂಜಿನಿಯರ್ ನಾನೇ. ಮಂಗಳೂರಿನ ಕುದ್ಮುಲ್ ರಂಗರಾಯರಂಥವರೂ ಇದ್ದರು. ತಮ್ಮದಲ್ಲದ ಜಾತಿಯ, ಯಾರೂ ಬಾಗಿಲು ತೆರೆಯದ ಮಕ್ಕಳಿಗೋಸ್ಕರ 1897ರಲ್ಲಿ ಸಂಸ್ಥೆ ಕಟ್ಟಿ, ಅದಕ್ಕಾಗಿ ತಮ್ಮವರಿಂದ ಬಹಿಷ್ಕಾರ ಹಾಕಿಸಿಕೊಂಡರು. ಅಂಥವರು ಎಷ್ಟು ಜನ?

ಇದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಅಮೆರಿಕದಲ್ಲಿರುವ ದೊಡ್ಡಮ್ಮನ ಮಗಳಿಗೆ ಫೋನಲ್ಲಿ ಹೇಳಿದಾಗ ಅವಳು ನಕ್ಕಳು. ಅಲ್ಲಿ ಕಾಲೇಜುಗಳಲ್ಲಿ 'ಸೊರೊರಿಟಿ' ಅಂತ ಹುಡುಗಿಯರ ಸಂಘಗಳು, ಗ್ರೀಕ್ ಅಕ್ಷರದ ಹೆಸರು, ದೊಡ್ಡ ಬಂಗಲೆ. ಸೇರಬೇಕಾದರೆ ಹಳೇ ಸದಸ್ಯೆಯರ ಶಿಫಾರಸು ಪತ್ರ ಬೇಕಿತ್ತಂತೆ. ದಕ್ಷಿಣದ ರಾಜ್ಯಗಳಲ್ಲಿ ಅಮ್ಮಂದಿರು ಅಂಥ ಆಂಟಿಯರನ್ನು ಹುಡುಕಿ ಹುಡುಕಿ ಕಾಗದ ಒಟ್ಟು ಮಾಡ್ತಾರಂತೆ! ಅಪ್ಪಯ್ಯನ ಕೊಡೆ ನೆನಪಾಯ್ತು. 2013ರಲ್ಲಿ ಅಲಬಾಮ ಯೂನಿವರ್ಸಿಟಿಯಲ್ಲಿ ಒಳ್ಳೆ ಮಾರ್ಕಿನ ಕಪ್ಪು ಹುಡುಗಿಯೊಬ್ಬಳನ್ನು ಹಳೇ ಸದಸ್ಯೆಯರ ಒತ್ತಡದಿಂದ ಬಿಟ್ಟರು ಅಂತ ವಿದ್ಯಾರ್ಥಿಗಳ ಪತ್ರಿಕೆಯೇ ಬರೆದು ದೊಡ್ಡ ಗಲಾಟೆ ಆಯ್ತು. ಈಚೆಗೆ ಎಷ್ಟೋ ಸೊರೊರಿಟಿಗಳು ಪತ್ರ ಕಡ್ಡಾಯ ಅನ್ನೋದನ್ನೇ ಕೈಬಿಟ್ಟಿವೆ.

ಸರಿ, ಬೈಂದೂರಿನ ಹುಡುಗಿ. ಸಹಿ ಹಾಕದೆ ಫೋನ್ ಮಾಡಿದೆ. ಮೊದಲು ಹೆದರಿದಳು, ಇಲ್ಲ ಅನ್ನಲಿಕ್ಕೆ ಫೋನ್ ಮಾಡಿದ್ದು ಅಂದುಕೊಂಡು. ಆಮೇಲೆ ನಲವತ್ತು ನಿಮಿಷ ಮಾತಾಡಿದಳು. ಯಕ್ಷಗಾನದಲ್ಲಿ ಬಬ್ರುವಾಹನ ಮಾಡಿದ್ದಾಳಂತೆ. ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಲೆಕ್ಕ ಇವಳದ್ದೇ, ತಾನು ಹೋದರೆ ಯಾರು ಕೊಡ್ತಾರೆ ಅನ್ನೋ ಚಿಂತೆ. ಫೋನಿಡುವಾಗ ದನಿ ಸಣ್ಣ ಮಾಡಿ ಕೇಳಿದಳು. "ಆಂಟಿ, ನನ್ ಫ್ರೆಂಡ್ ಒಬ್ಳಿದಾಳೆ. ಅದೇ ಕಾಲೇಜು. ಅವ್ಳ್ ನಮ್ಮವ್ಳಲ್ಲ. ಅವ್ಳಿಗೆ ಎಲ್ಲಾದ್ರೂ ಆಗ್ತದಾ?"

ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಅವತ್ತು ರಾತ್ರಿ ಗಂಗೊಳ್ಳಿಯವಳಿಗೆ ಫೋನ್ ಮಾಡಿದೆ. ಈಗ ಬೆಂಗಳೂರಲ್ಲೇ ದೊಡ್ಡ ಕಂಪನಿಯಲ್ಲಿದ್ದಾಳೆ, ನನಗಿಂತ ಹೆಚ್ಚು ಸಂಬಳ. ಆ ಪರೀಕ್ಷೆಯ ರಾತ್ರಿಯ ವಿಷಯ ಮೊದಲ ಸಲ ಬಾಯಿಬಿಟ್ಟು ಹೇಳಿದೆ. "ಗೊತ್ತಿತ್ತ್ ಮಾರಾಯ್ತಿ, ನೀ ಕೇಂಬುದಿಲ್ಲ ಅಂತ. ಆ ರಾತ್ರಿ ಬಸ್‌ಸ್ಟಾಪ್ ಲೈಟಲ್ಲಿ ಓದ್ದೆ" ಅಂದಳು. ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಎರಡ್ನೇ ಹೆಣ್ಣಿನ ನಂಬರ್ ಕಳ್ಸ್. ನಮ್ಮನೆ ಮೇಲಿನ ರೂಮ್ ಖಾಲಿ ಇತ್ತ್" ಅಂದಳು.

ನಿನ್ನೆ ಪತ್ರ ಬರೆದು ಕಳಿಸಿದೆ, ಕೈಬರಹದಲ್ಲೇ. "ಈ ಹುಡುಗಿಯನ್ನು ನಾನು ಇನ್ನೂ ನೋಡಿಲ್ಲ. ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದ್ದೇನೆ" ಅಂತ ಶುರು ಮಾಡಿದ್ದೇನೆ. ಅವಳ ಅಪ್ಪನಿಂದ ಆಗಲೇ ಮೆಸೇಜು ಬಂದಿದೆ, ಸ್ವಲ್ಪ ಬದಲಾಯಿಸಿ ಕೊಡ್ಲಕ್ಕಾ ಅಂತ. ಇನ್ನೂ ಉತ್ತರ ಕೊಟ್ಟಿಲ್ಲ. ಭಾನುವಾರ ರಾತ್ರಿ ಬಸ್ಸಿಗೆ ಇಬ್ಬರೂ ಹುಡುಗಿಯರು ಹೊರಡ್ತಾ ಇದ್ದಾರೆ.