ಪರದೇಶಿಯ ಶಿವರಾತ್ರಿ

ಬೀದರಿನಿಂದ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರು ನಡೆದರೆ ಅಷ್ಟೂರ. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗೋರಿಗಳು ಹೊಲಗಳ ಮೇಲೆ ಉದ್ದನೆಯ ನೆರಳು ಚಾಚುತ್ತವೆ. 1436ರಲ್ಲಿ ತೀರಿಕೊಂಡ ಅಹಮದ್ ಷಾ ವಲಿಯ ಗೋರಿ ಇವುಗಳಲ್ಲಿ ಹೆಸರಾದುದು. ಸುಲ್ತಾನನನ್ನು ಹಿಂದೂ ಭಕ್ತರು ಅಲ್ಲಮಪ್ರಭುವೆಂದೇ ನಂಬಿ ನಡೆಯುತ್ತಾರೆ. ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಯಾರು ಯಾರ ಜಾತ್ರೆಗೆ ಬಂದವರೆಂದು ವಿಚಾರಿಸುವ ಗೋಜಿಗೆ ಅಲ್ಲಿ ಯಾರೂ ಹೋಗುವುದಿಲ್ಲ.

ಈ ಗುಮ್ಮಟ ಎದ್ದು ಮೂರು ದಶಕ ಕಳೆದ ಮೇಲೆ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದ. ಜೊತೆಗೆ ಬಂಧುವಿಲ್ಲ, ಬಳಗವಿಲ್ಲ; ಮಾರಲೆಂದು ತಂದ ಒಂದೇ ಒಂದು ಗಂಡುಕುದುರೆ. ಆ ಕುದುರೆಯಿಂದಲೇ ಅವನಿಗೆ ದಾರಿಯಲ್ಲಿ ಗಂಡಾಂತರ ಒದಗಿತ್ತು. ಜುನ್ನಾರಿನ ಖಾನನು ಅದನ್ನು ಕಸಿದುಕೊಂಡು, ‘ನಮ್ಮ ಮತಕ್ಕೆ ಸೇರು, ಕುದುರೆಯ ಜೊತೆಗೆ ಸಾವಿರ ಹೊನ್ನೂ ಕೊಡುತ್ತೇನೆ’ ಎಂದು ಹಟ ಹಿಡಿದ. ಖುರಾಸಾನಿನ ಮುಸಲ್ಮಾನ ಸಜ್ಜನನೊಬ್ಬ ನಡುವೆ ಬಂದು ಬಿಡಿಸದಿದ್ದರೆ ಗತಿಯೇನಾಗುತ್ತಿತ್ತೊ!

ಇಂತಹ ಪೆಟ್ಟು ತಿಂದವನು ಬಾಯಿ ಬಿಗಿಹಿಡಿಯುವುದು ಸಹಜ. ಈ ನಾಡಿನಲ್ಲಿ ಅವನು ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ಓಡಾಡುತ್ತಿದ್ದ. ಕ್ರಿಸ್‌ಮಸ್ ಹೊತ್ತಿಗೆ ಬೀದರಿನಲ್ಲಿ ಕುದುರೆ ಮಾರಾಟವಾಯಿತು. ಆದರೆ ತನ್ನ ನಾಡಿಗೆ ಒಯ್ಯತಕ್ಕ ಸರಕು ಗಿಟ್ಟಲಿಲ್ಲ. ಮೆಣಸು ಅಗ್ಗ, ಸುಂಕ ದುಬಾರಿ, ಕಡಲಿನಲ್ಲಿ ಕಳ್ಳರು. ವ್ಯಾಪಾರ ಕೈಕೊಟ್ಟ ವರ್ತಕನಿಗಿಂತ ಬಿಡುವಾದ ಮನುಷ್ಯ ಲೋಕದಲ್ಲಿ ಯಾರಿದ್ದಾನೆ?

ಆ ಬಿಡುವಿನಲ್ಲಿ ಬೀದರಿನ ಅನೇಕ ಹಿಂದೂಗಳ ಪರಿಚಯವಾಯಿತು. ಒಂದು ದಿನ ಅವರಿಗೆ ಅವನು ನಿಜ ಹೇಳಿಬಿಟ್ಟ: ತಾನು ಮುಸಲ್ಮಾನನಲ್ಲ, ಕ್ರೈಸ್ತ, ಯೂಸುಫನಲ್ಲ, ಅಫನಾಸಿ. ಜುನ್ನಾರಿನ ನೆನಪು ಇನ್ನೂ ಹಸಿಯಾಗಿದ್ದಾಗ ಇಷ್ಟು ಹೇಳುವುದಕ್ಕೆ ಗುಂಡಿಗೆ ಬೇಕು. ಅಂದಿನಿಂದ ಅವರು ತನ್ನಿಂದ ಏನನ್ನೂ ಬಚ್ಚಿಡಲಿಲ್ಲವೆಂದು ಅವನೇ ಬರೆದಿಟ್ಟಿದ್ದಾನೆ. ಊಟ, ವ್ಯಾಪಾರ, ಪೂಜೆ, ಎಲ್ಲವೂ ಅವನ ಕಣ್ಣೆದುರಿಗೇ ನಡೆದವು. ಮನೆಯ ಹೆಂಗಸರೂ ಮರೆಗೆ ಸರಿಯಲಿಲ್ಲ.

ಮಾತು ಶ್ರೀಶೈಲಕ್ಕೆ ಹೇಗೆ ಹೊರಳಿತೆಂದು ಅವನು ತಿಳಿಸಿಲ್ಲ. ಶಿವರಾತ್ರಿ ಹತ್ತಿರವಾಗಿತ್ತು. ಯಾವುದೋ ಒಂದು ಸಂಜೆ, ಯಾವುದೋ ಮನೆಯ ಜಗಲಿಯಲ್ಲಿ, ‘ನೀವೂ ನಡೀರಿ ನಮ್ಮ ಕೂಡ’ ಎಂದು ಒಬ್ಬರು ಅಂದಿರಬೇಕು. ಯೋಚನೆಗೆ ಎಡೆಗೊಡದೆ ಇವನು ಹೂಂ ಎಂದಿರಬೇಕು. ಕುದುರೆ ಮಾರಲು ಬಂದವನು ಪರ್ವತಮಲ್ಲಯ್ಯನ ಯಾತ್ರೆಗೆ ಹೊರಟ. ಒಂದು ತಿಂಗಳ ದಾರಿ!

ಆ ದಾರಿಯ ಸಂಜೆಗಳನ್ನು ಊಹಿಸಿಕೊಳ್ಳಬಹುದು. ಪ್ರಯಾಣದಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಗಡಿಗೆ, ತನ್ನದೇ ಅಡಿಗೆ. ಅನ್ಯರ ದೃಷ್ಟಿ ಬಿದ್ದರೆ ಆ ಅನ್ನ ಮುಟ್ಟುವಂತಿಲ್ಲ. ಕೆಲವರು ಬಟ್ಟೆಯ ಮರೆಮಾಡಿಕೊಂಡೇ ಉಣ್ಣುತ್ತಿದ್ದರಂತೆ. ಭಾನುವಾರ, ಸೋಮವಾರ ಒಪ್ಪೊತ್ತು. ಅನ್ನ, ಕಿಚಡಿ, ತುಪ್ಪ, ಸೊಪ್ಪು. ಬಲಗೈಯಿಂದಲೇ ಊಟ, ಚಮಚವೆಂಬುದೇ ಗೊತ್ತಿಲ್ಲ. ಇಷ್ಟೊಂದು ಕಟ್ಟುಪಾಡಿನ ಜನ ಈ ಪರದೇಶಿಯನ್ನು ತಿಂಗಳುಗಟ್ಟಲೆ ಒಲೆಯ ಬಳಿ ಇರಗೊಟ್ಟರಲ್ಲ! ಒಂದೇ ಗಡಿಗೆಯಲ್ಲಿ ಉಣ್ಣಲಿಲ್ಲ ನಿಜ. ಆದರೆ ಅವನೆದುರು ಗಡಿಗೆಯನ್ನು ಮುಚ್ಚಲೂ ಇಲ್ಲ. ಆ ಕಾಲಕ್ಕೆ ಅದು ಸಣ್ಣ ಸಲಿಗೆಯೇನಲ್ಲ.

ಗುಡಿಯನ್ನು ಕಂಡು ಅವನು ಬೆರಗಾದ; ವಿಸ್ತಾರದಲ್ಲಿ ತನ್ನ ತ್ವೆರ್ ಊರಿನ ಅರ್ಧದಷ್ಟಿದೆಯೆಂದು ಅಳೆದ. ಊರು ಬಿಟ್ಟವನ ಅಳತೆಗೋಲು ಊರಲ್ಲದೆ ಇನ್ನೇನು? ಕಲ್ಲಿನ ಗೋಡೆಯ ತುಂಬ ಕೆತ್ತನೆ, ಚಿನ್ನದ ಲೇಪವಿದ್ದ ಕರಿಯ ಕಲ್ಲಿನ ಬಸವ. ಜನರು ಅದರ ಗೊರಸಿಗೆ ಮುತ್ತಿಟ್ಟು ಹೂವು ಎರಚುವುದನ್ನು ನೋಡಿ ಬರೆದುಕೊಂಡ. ಇದು ಇವರ ಜೆರೂಸಲೇಮ್ ಎಂದ.

ಮರಳಿ ಬೀದರಿಗೆ ಬಂದಾಗ ತನ್ನ ಈಸ್ಟರ್ ಎಂದು ಬರುವುದೆಂಬುದು ಅವನಿಗೇ ತಿಳಿಯದು. ಬರುವ ದಾರಿಯಲ್ಲಿ ಅಸ್ತ್ರಾಖಾನಿನ ಬಳಿ ಸುಲಿಗೆಯಾದಾಗ ಅವನ ಪುಸ್ತಕಗಳೂ ಹೋಗಿದ್ದವು. ಮುಸಲ್ಮಾನರ ಬೈರಾಮಿಗೆ ಒಂಬತ್ತು ಹತ್ತು ದಿನ ಮುಂಚೆ ಇರಬಹುದೆಂದು ಲೆಕ್ಕ ಹಾಕಿದ. ತನ್ನ ಹಬ್ಬವನ್ನು ಅನ್ಯರ ಹಬ್ಬದಿಂದ ಎಣಿಸಿಕೊಳ್ಳಬೇಕಾದ ಆ ಒಂಟಿತನ ಅವನ ಬರಹದಲ್ಲಿ ಮತ್ತೆ ಮತ್ತೆ ನಿಟ್ಟುಸಿರಾಗಿ ಕೇಳಿಸುತ್ತದೆ.

ತ್ವೆರ್ ಪಟ್ಟಣವನ್ನು ಅವನು ಮತ್ತೆ ಕಾಣಲಿಲ್ಲ. ಸ್ಮೊಲೆನ್ಸ್ಕ್ ತಲಪುವ ಮೊದಲೇ ತೀರಿಕೊಂಡ. ಅವನ ಬರಹ ಮಾತ್ರ 1475ರಲ್ಲಿ ಮಾಸ್ಕೋ ಸೇರಿತು. ಕುದುರೆಯ ಖರ್ಚು, ಜಾತ್ರೆಯ ಸುಂಕ, ಜುನ್ನಾರಿನ ಖಾನನ ಹೆಸರು, ಎಲ್ಲವೂ ಅದರಲ್ಲಿವೆ. ತನ್ನ ನಿಜವಾದ ಹೆಸರನ್ನು ಯಾರಿಗೆ ಒಪ್ಪಿಸಿದ್ದನೋ ಆ ಬೀದರಿನ ಗೆಳೆಯರದು, ಒಬ್ಬರ ಹೆಸರೂ ಇಲ್ಲ.