ಕಾರಲ್ಲಿ ಮಗುನ ತೊಡೆ ಮೇಲೆ ಕೂರಿಸ್ಕೋಬೇಡಿ

ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಈ ಸಲ ಕಾರಿನ ವಿಷಯ. ನಮ್ಮ ಕಡೆ ಈಗ ಬೀದಿಗೆ ನಾಲ್ಕು ಸೆಕೆಂಡ್ ಹ್ಯಾಂಡ್ ಕಾರು ನಿಂತಿವೆ, ನನ್ನದೂ ಅದರಲ್ಲೊಂದು. ಅದಕ್ಕೇ ಬರೀತಿದೀನಿ.

ಹೋದ ತಿಂಗಳು ಗುಬ್ಬಿ ಹತ್ರ ನೆಂಟರ ಮನೆ ಗೃಹಪ್ರವೇಶಕ್ಕೆ ಹೊರಟಿದ್ವಿ. ನಾನು ಓಡಿಸ್ತಿದ್ದೆ. ಪಕ್ಕದಲ್ಲಿ ನಮ್ಮ ಮನೆಯವಳು, ಅವಳ ತೊಡೆ ಮೇಲೆ ಮಗಳ ಮಗ ಪುಟ್ಟ. ಎರಡು ವರ್ಷ ನಾಲ್ಕು ತಿಂಗಳ ಮಗು, 12 ಕೆ.ಜಿ. ಇದಾನೆ. ಹಿಂದೆ ಮಗಳು ಮತ್ತು ನಮ್ಮಮ್ಮ. ಕೆ.ಬಿ. ಕ್ರಾಸ್ ದಾಟಿ ಸ್ವಲ್ಪ ದೂರ ಹೋಗಿದ್ವಿ, ಒಂದು ಎಮ್ಮೆ ಸರ್ರಂತ ರೋಡಿಗೆ ನುಗ್ತು. ಬ್ರೇಕ್ ಮೇಲೆ ನಿಂತೇಬಿಟ್ಟೆ. ಎಮ್ಮೆಗೂ ಏನಾಗ್ಲಿಲ್ಲ, ಕಾರಿಗೂ ಒಂದು ಗೀರು ಬೀಳ್ಲಿಲ್ಲ. ಆದ್ರೆ ಪುಟ್ಟ ಅವಳ ಕೈಯಿಂದ ಜಾರಿ ಡ್ಯಾಶ್‌ಬೋರ್ಡಿಗೆ ಹಣೆ ಹೊಡ್ಕೊಂಡ.

ನಾಲ್ಕು ಹೊಲಿಗೆ. ವಾಂತಿ ಆಗುತ್ತಾ ನೋಡಬೇಕು ಅಂತ ಡಾಕ್ಟರು ಒಂದು ರಾತ್ರಿ ಅಲ್ಲೇ ಇರಿಸ್ಕೊಂಡ್ರು. ದೇವರು ದೊಡ್ಡವನು, ಮಗು ಈಗ ಚೆನ್ನಾಗಿದೆ.

ಆದ್ರೆ ಆವತ್ತು ಆಸ್ಪತ್ರೆ ಕಾರಿಡಾರಲ್ಲಿ ನಾನು ಮಾಡಿದ್ದು ಹೇಳ್ಲೇಬೇಕು. ಎಲ್ಲರ ಎದುರಿಗೆ ಹೆಂಡ್ತಿ ಮೇಲೆ ಕೂಗಾಡಿದೆ. "ಒಂದು ಮಗುನ ಗಟ್ಟಿಯಾಗಿ ಹಿಡ್ಕೊಳಕ್ಕಾಗಲ್ವಾ ನಿನಗೆ?" ಅಂದೆ. ಅವಳು ಒಂದು ಮಾತೂ ಆಡ್ಲಿಲ್ಲ. ಆ ರಾತ್ರಿ ಊಟನೂ ಮಾಡ್ಲಿಲ್ಲ.

ನಿಜ ಏನಂದ್ರೆ, ಮಗುಗೆ ಅಂತಲೇ ಮಾಡಿದ ಕುರ್ಚಿ ನಮ್ಮನೇಲಿತ್ತು. ಅಳಿಯಂದಿರು ಬೆಂಗಳೂರಿಂದ ತಂದು, "ಮಾವ, ಪುಟ್ಟನ್ನ ಇದರಲ್ಲೇ ಕೂರ್ಸಿ" ಅಂತ ಹೇಳಿ ಹೋಗಿದ್ರು. ಬೆಲೆ ಕೇಳಿ ನಗು ಬಂದಿತ್ತು ನನಗೆ. ಎಂಟು ಸಾವಿರದ ಕುರ್ಚಿ! ನಮ್ಮ ಮಕ್ಕಳು ಎತ್ತಿನ ಗಾಡೀಲಿ, ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಬೆಳೀಲಿಲ್ವಾ ಅಂದ್ಕೊಂಡು, ಜಾಗ ತಿನ್ನುತ್ತೆ ಅಂತ ಅದನ್ನ ಕೊಬ್ಬರಿ ಅಟ್ಟಕ್ಕೆ ಹಾಕಿದ್ದೆ.

ತಮ್ಮನ ಮಗಳು ಪಿಯುಸಿ ಸೈನ್ಸ್ ಓದ್ತಾಳೆ. ಅವಳು ಒಂದು ಲೆಕ್ಕ ಮಾಡಿ ತೋರಿಸಿದಳು. 40 ಕಿ.ಮೀ. ವೇಗದಲ್ಲಿ ಹೋಗಿ ಗುದ್ದೋದು 20 ಅಡಿ ಎತ್ತರದಿಂದ ಬಿದ್ದಂಗೆ. 60ರಲ್ಲಿ ಗುದ್ದಿದ್ರೆ 46 ಅಡಿ. ಅಂದ್ರೆ ನಮ್ಮ ತೋಟದ ಹಳೇ ತೆಂಗಿನ ಮರದ ತುದಿ! ಆ ತುದಿಯಿಂದ ಬೀಳೋ ಮಗುನ ಕೆಳಗೆ ನಿಂತು ಕೈಲಿ ಹಿಡೀತೀನಿ ಅಂತ ಯಾರಾದ್ರೂ ಹೇಳ್ತಾರಾ? ಬರೀ 40ರಲ್ಲಿ ಗುದ್ದಿದ್ರೂ 12 ಕೆ.ಜಿ. ಮಗು ಒಂದು ಕ್ವಿಂಟಾಲಿಗೂ ಮೀರಿದ ಬಲದಲ್ಲಿ ಮುಂದಕ್ಕೆ ಎಳೆಯುತ್ತಂತೆ. ನಮ್ಮದು ಗುದ್ದಿದ್ದೂ ಅಲ್ಲ, ಬರೀ ಬ್ರೇಕು. ಅದಕ್ಕೇ ಹಿಡಿತ ತಪ್ಪಿತು ಅಂದ್ಮೇಲೆ ಇದು ಅವಳ ಕೈಯ ತಪ್ಪಲ್ಲ, ನನ್ನ ತಲೆಯ ತಪ್ಪು.

ಅಟ್ಟದಿಂದ ಕುರ್ಚಿ ಇಳಿಸಿದೆ. ಕಟ್ಟೋಣ ಅಂತ ಹಿಂದಿನ ಸೀಟು ನೋಡಿದ್ರೆ ಬೆಲ್ಟ್ ಸಿಕ್ಕಿಸೋ ಬಕಲ್ಲೇ ಇಲ್ಲ. ಸೀಟ್ ಕವರ್ ಹೊಲಿಸಿದಾಗ ಅಡಿಗೆ ಸೇರಿಬಿಟ್ಟಿದೆ! ಕವರ್ ಬಿಚ್ಚಿ, ಕಡ್ಲೆಕಾಯಿ ಸಿಪ್ಪೆ ಜೊತೆ ಬಕಲ್ ಹೊರಗೆ ತೆಗೆದೆ. ನೀವೂ ಇವತ್ತೇ ನಿಮ್ಮ ಕಾರಲ್ಲಿ ನೋಡಿ.

ನಾನು ಕಲ್ತಿದ್ದು ಇಷ್ಟು:

ಮಗು ಕುರ್ಚಿ ಯಾವಾಗಲೂ ಹಿಂದಿನ ಸೀಟಿಗೆ. ಮುಂದೆ ಏರ್‌ಬ್ಯಾಗ್ ಇದ್ದು ಅದು ಬಿಚ್ಚಿಕೊಂಡರೆ ಆ ಹೊಡೆತಕ್ಕೇ ಕೂಸಿನ ಜೀವ ಹೋಗಬಹುದು.

ಕುರ್ಚಿ ಮೇಲೆ ಬರೆದಿರೋ ತೂಕ, ಎತ್ತರ ದಾಟೋ ತನಕ ಮಗು ಮುಖ ಕಾರಿನ ಹಿಂಭಾಗಕ್ಕೆ ಇರಲಿ. ಮಕ್ಕಳಿಗೆ ತಲೆ ಭಾರ, ಕತ್ತು ಎಳೇದು. ಹಂಗೆ ಕೂತಿದ್ರೆ ತಲೆ, ಕತ್ತು, ಬೆನ್ನು ಮೂರನ್ನೂ ಕುರ್ಚಿಯ ಬೆನ್ನೇ ತಡೆಯುತ್ತೆ.

ಕುರ್ಚಿ ಕಟ್ಟುವಾಗ ಮಂಡಿ ಊರಿ ಭಾರ ಬಿಟ್ಟು ಬೆಲ್ಟ್ ಬಿಗಿ ಮಾಡಿ. ಬುಡ ಹಿಡಿದು ಅಲ್ಲಾಡಿಸಿದ್ರೆ ಒಂದು ಇಂಚಿಗಿಂತ ಹೆಚ್ಚು ಅಲ್ಲಾಡಬಾರದು. ಮಗುವಿನ ಭುಜದ ಮೇಲಿನ ಪಟ್ಟಿನ ಬೆರಳಲ್ಲಿ ಚಿವುಟಿದ್ರೆ ಮಡಿಕೆ ಸಿಗಬಾರದು. ದಪ್ಪ ಸ್ವೆಟರ್ ಮೇಲೆ ಪಟ್ಟಿ ಕಟ್ಟಬೇಡಿ, ಒಳಗೆ ಸಡಿಲ ಉಳಿಯುತ್ತೆ.

ದೊಡ್ಡವರು ಮಗುನೂ ಸೇರಿಸಿ ಒಂದೇ ಬೆಲ್ಟ್ ಹಾಕ್ಕೋಬೇಡಿ. ಗುದ್ದಿದಾಗ ನಿಮ್ಮ ಭಾರವೆಲ್ಲ ಮಗು ಮೇಲೇ ಬೀಳುತ್ತೆ.

ಸ್ಕೂಲಿಗೆ ಹೋಗೋ ಮಕ್ಕಳಿಗೆ ಕಾರಿನ ಬೆಲ್ಟ್ ಕತ್ತಿಗೆ ಉಜ್ಜುತ್ತೆ. ಸುಮಾರು 145 ಸೆಂ.ಮೀ., ಅಂದ್ರೆ ನಾಲ್ಕೂ ಮುಕ್ಕಾಲು ಅಡಿ ಆಗೋ ತನಕ ಬೂಸ್ಟರ್ ಅಂತ ಎತ್ತರದ ಸೀಟು ಬರುತ್ತೆ, ಅದು ಬೇಕು. ಬೆಲ್ಟ್ ಭುಜದ ಮಧ್ಯದಿಂದ ಎದೆ ಮೇಲೆ ಬರಬೇಕು, ಕೆಳಗಿನ ಪಟ್ಟಿ ಸೊಂಟದ ಮೂಳೆ ಮೇಲೆ ಕೂರಬೇಕು, ಹೊಟ್ಟೆ ಮೇಲಲ್ಲ. ಬಸುರಿ ಹೆಣ್ಣುಮಕ್ಕಳಿಗೂ ಕೆಳಗಿನ ಪಟ್ಟಿ ಹೊಟ್ಟೆಯ ಅಡಿಗೇ ಬರಬೇಕು.

ಹಿಂದೆ ಕೂತವರಿಗೆ ಬೆಲ್ಟ್ ಯಾಕೆ ಅಂತ ನಮ್ಮಮ್ಮ ಕೇಳಿದ್ರು. 2022ರ ಸೆಪ್ಟೆಂಬರಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ರ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಹೋದ್ರಲ್ಲ, ಅದು ದುಬಾರಿ ಕಾರು. ಹಿಂದೆ ಕೂತಿದ್ದ ಅವರಿಬ್ಬರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ರು. ಇಬ್ಬರೂ ಹೋದ್ರು, ಮುಂದೆ ಇದ್ದ ಇಬ್ಬರು ಬದುಕಿದ್ರು. 2019ರ ತಿದ್ದುಪಡಿ ಆದ್ಮೇಲೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದಿದ್ರೆ ದಂಡ ಓಡಿಸೋನಿಗೇ. ದಂಡದ ಮಾತು ಬಿಡಿ, ಜೀವ ನೋಡಿ.

ಇನ್ನೊಂದು ಒಪ್ಕೊಳ್ಳೋದಿದೆ. ಬೆಲ್ಟ್ ಹಾಕದಿದ್ರೆ ಕುಂಯ್ ಅನ್ನೋ ಸದ್ದು ನಿಲ್ಸಕ್ಕೆ ಬಕಲ್ಲಿಗೆ ಸಿಕ್ಕಿಸೋ ಕ್ಲಿಪ್ ನಾನೂ ಇಟ್ಕೊಂಡಿದ್ದೆ. ಅದನ್ನ ತೆಗೆದು ಬಿಸಾಕಿದೆ.

ಪುಟ್ಟ ಮೊದಲು ಕುರ್ಚೀಲಿ ಕೂರದೆ ಅತ್ತ. ನಾಲ್ಕು ದಿನ ಕುರ್ಚಿನ ಜಗಲಿ ಮೇಲಿಟ್ವಿ, ಅದರಲ್ಲೇ ಕೂತು ಮಂಡಕ್ಕಿ ತಿಂದ. ಆಮೇಲೆ ಕಾರಲ್ಲಿ ಡೈರಿ ತನಕ, ಆಮೇಲೆ ತಿಪಟೂರು ತನಕ. ಈಗ ಅವನೇ "ತಾತ, ಬೆಲ್ಟು" ಅಂತಾನೆ. ದಾರೀಲಿ ಹಟ ಮಾಡಿದ್ರೆ ಕಾರು ನಿಲ್ಲಿಸಿ ಎತ್ಕೋತೀವಿ, ಓಡೋ ಗಾಡೀಲಿ ಬಿಚ್ಚಲ್ಲ.

ಮೊನ್ನೆ ಅದೇ ದಾರೀಲಿ ಹೋಗುವಾಗ ಮನೆಯವಳಿಗೆ, "ಆವತ್ತು ನಿನ್ನ ತಪ್ಪಿರಲಿಲ್ಲ ಕಣೆ" ಅಂದೆ. "ರೀ, ರೋಡ್ ನೋಡ್ಕೊಂಡು ಓಡಿಸ್ರಿ" ಅಂದ್ಳು. ಅಷ್ಟೇ. ಆಸ್ಪತ್ರೇಲಿ ನಾಲ್ಕು ಜನರ ಮುಂದೆ ಬೈದಿದ್ದೆ, ಅದಕ್ಕೆ ನಿಮ್ಮೆಲ್ಲರ ಮುಂದೆ ಬರೀತಿದೀನಿ.